ಖಾಲಿ ಮಂಟಪದ ಓದು

ದೆಹಲಿಯ ಇಂಡಿಯಾ ಗೇಟಿನ ಹಿಂದಿರುವ ಕಲ್ಲಿನ ಮಂಟಪವನ್ನು ನಾನು ಒಂದು ಪಠ್ಯದ ಹಾಗೆ ಓದುತ್ತೇನೆ. ಲುಟ್ಯೆನ್ಸ್ ವಿನ್ಯಾಸ ಮಾಡಿದ ಅದರೊಳಗೆ 1936ರಲ್ಲಿ ಐದನೇ ಜಾರ್ಜ್ ದೊರೆಯ ಅಮೃತಶಿಲೆಯ ಪ್ರತಿಮೆ ಬಂದು ನಿಂತಿತು. ಸ್ವಾತಂತ್ರ್ಯ ಬಂದು ಎರಡು ದಶಕವಾದರೂ ದೊರೆ ಕದಲಲಿಲ್ಲ. 1968ರಲ್ಲಿ ಕೆಳಗಿಳಿಸಿದರು, ಪ್ರತಿಮೆ ಕೊನೆಗೆ ಸೇರಿದ್ದು ಊರ ಉತ್ತರದ ಕಾರೊನೇಷನ್ ಪಾರ್ಕನ್ನು. 1911ರಲ್ಲಿ ಅವನ ದರ್ಬಾರು ನಡೆದದ್ದೂ ಅದೇ ಬಯಲಿನಲ್ಲಿ. ಯಾರೂ ಒಡೆದು ಪುಡಿ ಮಾಡಲಿಲ್ಲ.

ಆಮೇಲೆ 54 ವರ್ಷ ಮಂಟಪ ಖಾಲಿ ಇತ್ತು. ಗಾಂಧಿಯನ್ನು ಕೂರಿಸುವ ಮಾತು ಎದ್ದು, ಕೈಗೂಡದೆ ಹೋಯಿತು. ಒಳ್ಳೆಯದೇ ಆಯಿತು! ನನ್ನ ಮಟ್ಟಿಗೆ ಆ ಖಾಲಿತನ ಯಾವ ಶಿಲ್ಪಕ್ಕೂ ಕಡಿಮೆಯದಲ್ಲ. ಹಂಪಿಯ ವಿಜಯವಿಠ್ಠಲ ಗುಡಿಯ ಗರ್ಭಗೃಹದಲ್ಲಿ ಮೂರ್ತಿಯಿಲ್ಲ. ಒಳಗೆ ಇಣುಕಿದವರಿಗೆ ಮೂರ್ತಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಇತಿಹಾಸ ಶುರುವಾಗುವುದು ಅಂಥ ಪ್ರಶ್ನೆಯಿಂದ. ದೆಹಲಿಯ ಮಂಟಪವೂ ಅದನ್ನೇ ಕೇಳಿಸುತ್ತಿತ್ತು.

2022ರ ಸೆಪ್ಟೆಂಬರ್ 8ರಂದು ಅಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ ಪ್ರತಿಮೆ ಅನಾವರಣಗೊಂಡಿತು: 28 ಅಡಿ, ಕಪ್ಪು ಗ್ರಾನೈಟ್. ಕೆತ್ತನೆಯ ತಂಡದ ಮುಂದಾಳು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ಕೈಕೆಲಸದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಜಾಗದ ಬಗ್ಗೆ. ದೊರೆಯ ಅಳತೆಗೆ ಕಟ್ಟಿದ ಮನೆಗೆ ದೊರೆಯನ್ನು ಎದುರಿಸಿದವನನ್ನು ಒಕ್ಕಲು ತಂದರೆ, ನೋಡುಗ ತಲೆಯೆತ್ತಿ ನಿಲ್ಲಬೇಕಾದ ಭಂಗಿ ಬದಲಾಗುವುದಿಲ್ಲ.

ಇನ್ನೊಂದು ಸಂಗತಿಯಿದೆ, ಇದನ್ನು ಹೆಚ್ಚು ಜನ ನೆನೆಯುವುದಿಲ್ಲ. ಸ್ಮಾರಕ ತೆಗೆಯಿರಿ ಎಂದು ಸ್ವತಃ ಬೋಸರೇ ಚಳವಳಿ ಹೂಡಿದ್ದರು. 1756ರಲ್ಲಿ ಸಿರಾಜುದ್ದೌಲನ ಸೆರೆಯಲ್ಲಿ ಸತ್ತ ಇಂಗ್ಲಿಷರ ನೆನಪಿಗೆಂದು ಕಲ್ಕತ್ತೆಯ ನಡುಮಧ್ಯೆ ಹಾಲ್ವೆಲ್ ಸ್ಮಾರಕವಿತ್ತು. ಕರ್ಜನ್ ಅದನ್ನು ಹೊಸದಾಗಿ ಕಟ್ಟಿಸಿದ್ದ. ಸತ್ತವರ ಲೆಕ್ಕವನ್ನು ಹಾಲ್ವೆಲ್ ಉಬ್ಬಿಸಿದ್ದನೆಂಬ ಅನುಮಾನ ಇತಿಹಾಸಕಾರರಲ್ಲಿ ಆಗಲೇ ಇತ್ತು. ಅದು ನವಾಬನ ಮೇಲೆ ಹೊರಿಸಿದ ಸುಳ್ಳು ಕಳಂಕವೆಂದು 1940ರ ಜುಲೈಯಲ್ಲಿ ಬೋಸ್ ಸತ್ಯಾಗ್ರಹಕ್ಕೆ ಕರೆಕೊಟ್ಟರು. ಮುಸ್ಲಿಂ ವಿದ್ಯಾರ್ಥಿಗಳೂ ಕೈಜೋಡಿಸಿದರು. ಮೆರವಣಿಗೆಗೆ ಮುಂಚಿನ ದಿನ ಬೋಸರ ಬಂಧನವಾಯಿತು. ಆದರೂ ಸರ್ಕಾರ ಮಣಿಯಿತು. ಅದೇ ವರ್ಷ ಸ್ಮಾರಕ ಸೇಂಟ್ ಜಾನ್ಸ್ ಚರ್ಚಿನ ಅಂಗಳಕ್ಕೆ ಹೋಯಿತು.

ಇತಿಹಾಸವನ್ನು ಅಳಿಸಬೇಡಿ ಎಂದು ಪ್ರತಿಮೆಗಳ ಪರವಾಗಿ ವಾದಿಸುವವರಿಗೂ, ಎಲ್ಲವನ್ನೂ ಉರುಳಿಸಿ ಎನ್ನುವವರಿಗೂ ಈ ಬೋಸ್ ಸುಲಭಕ್ಕೆ ಒಗ್ಗುವುದಿಲ್ಲ. ಮಂಟಪದ ಬೋಸ್ ಮಾತ್ರ ಎಲ್ಲರಿಗೂ ಒಗ್ಗುತ್ತಾರೆ. ಆ ಪ್ರತಿಮೆಯ ಬುಡದಲ್ಲಿ ಹಾಲ್ವೆಲ್ ಸ್ಮಾರಕದ ಕತೆಯನ್ನು ನಾಲ್ಕು ಸಾಲಿನಲ್ಲಿ ಕೆತ್ತಿಸಬೇಕು, ಇಲ್ಲಿ ಮೊದಲು ಯಾರಿದ್ದರು ಎಂಬುದನ್ನೂ.