ಹಣೆಬರಹ ಅಂದ್ಬಿಟ್ರೆ ಮುಗೀತಾ?

ಒಂದು ಶನಿವಾರ ಬೆಳಗ್ಗೆ ನನ್ನ ಹಳೇ ರೂಮ್‌ಮೇಟ್ ಅಮೆರಿಕದಿಂದ ಫೋನ್ ಮಾಡಿ, "ಲೋ, ನಂಗೊಂದು ಮಾಕ್ ಇಂಟರ್‌ವ್ಯೂ ಮಾಡೋ" ಅಂದ. ಜಾವಾನಾ, ಪೈಥಾನಾ ಅಂತ ಕೇಳಿದೆ. "ಅದಲ್ಲ ಕಣೋ, ಪೈಲಟ್ ಇಂಟರ್‌ವ್ಯೂ" ಅಂದ.

ಆಸಾಮಿ ಹತ್ತು ವರ್ಷ ನನ್ನ ಹಾಗೇ ಕೋಡ್ ಬರೆದವನು. ಹೆಂಡತಿ ಕಡೆಯಿಂದ ಗ್ರೀನ್ ಕಾರ್ಡ್ ಬಂದಿದ್ದೇ ತಡ, ಕೆಲಸ ಬಿಟ್ಟು ವಿಮಾನ ಓಡಿಸೋದು ಕಲಿತ. ಕಲಿತ ಮೇಲೆ ಬೇರೆಯವರಿಗೆ ಕಲಿಸುತ್ತಾ ಹಾರಾಟದ ಗಂಟೆ ಕೂಡಿಸಿಕೊಂಡ. ಈಗ ಒಂದು ರೀಜನಲ್ ಏರ್‌ಲೈನ್ ಇಂಟರ್‌ವ್ಯೂಗೆ ಕರೆದಿತ್ತು. ರೀಜನಲ್ ಅಂದ್ರೆ ಅಲ್ಲಿ ಸಣ್ಣ ಊರುಗಳಿಂದ ದೊಡ್ಡ ಏರ್‌ಪೋರ್ಟ್‌ಗಳಿಗೆ ಜನರನ್ನ ತಂದು ಹಾಕೋ ಕಂಪನಿಗಳು. ವಿಮಾನದ ಮೇಲೆ ಅಮೆರಿಕನ್ ಈಗಲ್, ಯುನೈಟೆಡ್ ಎಕ್ಸ್‌ಪ್ರೆಸ್, ಡೆಲ್ಟಾ ಕನೆಕ್ಷನ್ ಅಂತ ದೊಡ್ಡವರ ಹೆಸರಿರುತ್ತೆ. ಓಡಿಸೋದು ಮಾತ್ರ ಎನ್‌ವಾಯ್, ಸ್ಕೈವೆಸ್ಟ್, ಎಂಡೆವರ್ ತರದವರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕ್ಲೈಂಟ್ ಬ್ಯಾಡ್ಜ್ ಹಾಕ್ಕೊಂಡು ಕೆಲಸ ಮಾಡೋ ಸರ್ವೀಸ್ ಕಂಪನಿ. ಅಲ್ಲಿ ಹೊಸ ಪೈಲಟ್‌ಗಳಲ್ಲಿ ಬಹಳ ಜನ ಶುರು ಮಾಡೋದು ಇಲ್ಲೇ.

ಇಂಟರ್‌ವ್ಯೂಗೆ ಓದೋ ರೀತಿಯೂ ನಮ್ಮದೇ. ಹಿಂದಿನ ವಾರ ಹೋಗಿ ಬಂದವರು ಏನೇನು ಕೇಳಿದ್ರು ಅಂತ ಬರೆದಿಟ್ಟ ಪಟ್ಟಿ ಕೈಯಿಂದ ಕೈಗೆ ಓಡಾಡುತ್ತೆ. ಪೈಲಟ್‌ಗಳು ಅದಕ್ಕೆ "ಗೌಜ್" ಅಂತಾರೆ. ಹವಾಮಾನದ ಸಂಕೇತ ಓದೋದು, ಇಳಿಯೋ ದಾರಿಯ ನಕ್ಷೆ ಬಿಡಿಸಿ ಹೇಳೋದು, ನಿಯಮಗಳು, ಕೊನೆಗೆ ಎಚ್‌ಆರ್ ಪ್ರಶ್ನೆಗಳು: "ಕ್ಯಾಪ್ಟನ್ ತಪ್ಪು ಮಾಡಿದಾಗ ನೀನೇನು ಮಾಡಿದೆ?", "ಯಾವತ್ತಾದ್ರೂ ಚೆಕ್‌ರೈಡ್ ಫೇಲ್ ಆಗಿದ್ದೀಯಾ?"

ಈ ಕೊನೇ ಪ್ರಶ್ನೆ ಹತ್ರ ಅವನು ತಡವರಿಸಿದ. ಮೋಡದೊಳಗೆ ಬರೀ ಉಪಕರಣ ನೋಡಿ ಹಾರಿಸೋ ಪರೀಕ್ಷೆಯಲ್ಲಿ ಒಂದ್ಸಲ ಫೇಲ್ ಆಗಿದ್ದನಂತೆ. ಇಳಿಯಬಾರದ ಎತ್ತರಕ್ಕಿಂತ ಕೆಳಗೆ ಇಳಿದುಬಿಟ್ಟಿದ್ದ. ನಾನು ಹದಿಮೂರು ವರ್ಷದ ಕಾರ್ಪೊರೇಟ್ ಅನುಭವ ಎಲ್ಲ ಒಟ್ಟುಗೂಡಿಸಿ ಸಲಹೆ ಕೊಟ್ಟೆ: "ಗಾಳಿ ಜಾಸ್ತಿ ಇತ್ತು ಅನ್ನು. ಎರಡನೇ ಸಲ ಚೆನ್ನಾಗಿ ಪಾಸಾದೆ ಅಂತ ಹೇಳಿ ಮುಂದಿನ ಪ್ರಶ್ನೆಗೆ ಹೋಗು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೊಂದು ಪುಸ್ತಕ ಹೇಳ್ತೀನಿ, ಓದು" ಅಂದ.

ಅದು ಅರ್ನೆಸ್ಟ್ ಗ್ಯಾನ್ ಬರೆದ "ಫೇಟ್ ಈಸ್ ದ ಹಂಟರ್". ವಿಧಿಯೇ ಬೇಟೆಗಾರ ಅಂತ ಅರ್ಥ. 1961ರಲ್ಲಿ ಬಂದಿದ್ದು. ಇವತ್ತಿಗೂ ಪೈಲಟ್ ಆಗಬೇಕು ಅನ್ನೋರ ಕೈಗೆ ಹಿರಿಯರು ಇಡೋ ಪುಸ್ತಕ. ಗ್ಯಾನ್ 1930ರ ದಶಕದ ಕೊನೆಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಸೇರಿ, ಡಿಸಿ-2, ಡಿಸಿ-3 ವಿಮಾನಗಳಲ್ಲಿ ಕೋ-ಪೈಲಟ್ ಆಗಿ ಶುರು ಮಾಡಿದವನು. ಪುಸ್ತಕದ ಮೊದಲ ಪುಟಗಳಲ್ಲೇ ಸತ್ತುಹೋದ ಸಹೋದ್ಯೋಗಿಗಳ ಉದ್ದನೆಯ ಪಟ್ಟಿ ಇದೆ. ಒಂದು ವೃತ್ತಿಯ ನೆನಪು ಹೀಗೆ ಶುರುವಾಗೋದನ್ನ ನಾನು ಬೇರೆಲ್ಲೂ ನೋಡಿಲ್ಲ.

ಪುಸ್ತಕದ ಶಕ್ತಿ ಇರೋದು ಕೆಲಸ ಕಲಿಯೋ ಭಾಗದಲ್ಲಿ. ರಾಸ್ ಅನ್ನೋ ಕ್ಯಾಪ್ಟನ್ ಇದ್ದಾನೆ. ಗ್ಯಾನ್ ಉಪಕರಣಗಳ ಮೇಲೆ ಕಣ್ಣಿಟ್ಟು ವಿಮಾನ ಇಳಿಸೋಕೆ ಒದ್ದಾಡ್ತಿದ್ರೆ, ಈ ಮನುಷ್ಯ ಪಕ್ಕದಲ್ಲಿ ಕೂತು ಬೆಂಕಿಕಡ್ಡಿ ಗೀರಿ ಅವನ ಮುಖದ ಮುಂದೆ ಹಿಡೀತಾನೆ. ಆರಿದ್ರೆ ಇನ್ನೊಂದು ಗೀರ್ತಾನೆ. ಓದೋವಾಗ ಎದ್ದು ಹೋಗಿ ಒದೆಯೋಣ ಅನ್ಸುತ್ತೆ. ಆಮೇಲೆ ಅರ್ಥ ಆಗುತ್ತೆ: ಯಾವತ್ತೋ ಒಂದಿನ ನಿಜವಾಗಿ ಕಣ್ಣು ಕುಕ್ಕೋವಂಥದ್ದು ನಡೆದಾಗಲೂ ಇವನು ಮುಳ್ಳುಗಳ ಮೇಲಿಂದ ದೃಷ್ಟಿ ತೆಗೀಬಾರದು, ಅದಕ್ಕೆ ಈ ಕಾಟ. ನಾನು ನೇಗಿಲು ಹಿಡಿದ ಮೊದಲ ದಿನ ನಮ್ಮಜ್ಜ ಬದುವಿನ ಮೇಲೆ ನಡೀತಾ ಬೇಕಂತಲೇ ಸ್ಕೂಲು, ಮಾರ್ಕ್ಸು, ಪಕ್ಕದ ಮನೆ ಜಗಳ ಅಂತ ತಲೆ ತಿಂದಿದ್ರು. ಸಾಲು ಸೊಟ್ಟ ಆದಾಗ, "ಎತ್ತು ನೋಡ್ಬೇಡ, ನನ್ನ ನೋಡ್ಬೇಡ, ಆ ತುದೀಲಿರೋ ಕಲ್ಲು ನೋಡು" ಅಂದಿದ್ರು. ಅದನ್ನ ಯಾರೂ ಇಂಟರ್‌ವ್ಯೂನಲ್ಲಿ ಕೇಳೋಕೆ ಆಗಲ್ಲ. ಹೊಲದಲ್ಲೇ ಕಲೀಬೇಕು, ಪಕ್ಕದಲ್ಲಿ ಒಬ್ಬರು ಇರಬೇಕು.

ಮೈತುಂಬ ಹಿಮ ಕಟ್ಟಿಕೊಂಡ ಡಿಸಿ-2 ಎತ್ತರವನ್ನೂ ವೇಗವನ್ನೂ ಕಳ್ಕೊಳ್ತಾ ಬೆಟ್ಟಗಳ ಮೇಲೆ ತೆವಳೋ ಅಧ್ಯಾಯ ಓದುವಾಗ ನನಗೆ ಹೊರಗಿನ ಟ್ರಾಫಿಕ್ ಸದ್ದು ಕೇಳಿಸಲಿಲ್ಲ. ಅಲ್ಲೂ ಗ್ಯಾನ್ ಪಕ್ಕದಲ್ಲಿ ಅನುಭವಿ ಕ್ಯಾಪ್ಟನ್ ಒಬ್ಬ ಇದ್ದಾನೆ, ಅದೇ ಅವನ ಪುಣ್ಯ.

ಆದರೆ ನನ್ನ ತಕರಾರು ಇರೋದು ಹೆಸರಿನಲ್ಲೇ. ಒಂದು ರಾತ್ರಿ ಗ್ಯಾನ್ ತನ್ನ ಎತ್ತರ ಐವತ್ತು ಅಡಿ ತಪ್ಪಿದ್ದನ್ನ ನೋಡಿ ಸರಿ ಮಾಡ್ತಾನೆ. ಮರುಕ್ಷಣ ಇನ್ನೊಂದು ವಿಮಾನ ಕೂದಲೆಳೆ ಅಂತರದಲ್ಲಿ ದಾಟಿ ಹೋಗುತ್ತೆ. ಅವನು ಕೇಳೋದು: ನನಗೆ ಆ ಕ್ಷಣ ಹಾಗೆ ಮಾಡಬೇಕು ಅನ್ನಿಸಿದ್ದು ಯಾಕೆ? ನಾನು ಬದುಕಿದೆ, ಅವರು ಸತ್ತರು, ಯಾಕೆ? ಅವನಿಗೆ ಸಿಕ್ಕ ಉತ್ತರ ವಿಧಿ. ಯುದ್ಧದ ಕಾಲದಲ್ಲಿ ಆಗ್ರಾದಿಂದ ಸಿ-87 ಅನ್ನೋ ಭಾರದ ವಿಮಾನ ಎತ್ತುವಾಗಲೂ ಹಾಗೇ. ಅವನಿಗೆ ಗೊತ್ತಿಲ್ಲದೆ ಟ್ಯಾಂಕ್‌ಗೆ ಹೇಳಿದ್ದಕ್ಕಿಂತ ಜಾಸ್ತಿ ಪೆಟ್ರೋಲ್ ತುಂಬಿಸಿಬಿಟ್ಟಿದ್ದಾರೆ. ವಿಮಾನ ಮೇಲೇಳ್ತಿಲ್ಲ. ಎದುರಿಗೆ, ದುರಸ್ತಿಗಾಗಿ ಸಾರುವೆ ಕಟ್ಟಿಸಿಕೊಂಡು ನಿಂತ ತಾಜ್ ಮಹಲ್! ರೆಕ್ಕೆಯ ಫ್ಲಾಪ್ ಪೂರ್ತಿ ಇಳಿಸಿ ಒಂದು ನೆಗೆತ ನೆಗೆಸಿ ದಾಟಿಸ್ತಾನೆ. ಅದ್ಭುತವಾಗಿ ಬರೆದಿದ್ದಾನೆ, ಮೈ ಜುಮ್ ಅನ್ನುತ್ತೆ. ಆದ್ರೆ ರಾತ್ರಿ ಪಾಳಿಯಲ್ಲಿ ಸರ್ವರ್ ಬಿದ್ದಾಗ ವರದಿ ಬರೆದು ಅಭ್ಯಾಸ ಇರೋ ನನ್ನಂಥವನಿಗೆ ಮೊದಲು ಬರೋ ಪ್ರಶ್ನೆ ಬೇರೆ. ಪೆಟ್ರೋಲ್ ತುಂಬಿಸಿದವನಿಗೆ ಹೇಳಿದ್ದು ಯಾರು? ಬರೆದುಕೊಂಡಿದ್ದು ಎಲ್ಲಿ? ಹೊರಡೋ ಮುಂಚೆ ತಾಳೆ ನೋಡಬೇಕಿದ್ದವರು ಯಾರು?

ನಮ್ಮೂರಲ್ಲಿ ಒಬ್ಬ ಲೈನ್‌ಮನ್ ಕಂಬದ ಮೇಲೇ ಕರೆಂಟ್ ಹೊಡೆದು ಸತ್ತಾಗ ಊರಿಗೆ ಊರೇ ಹಣೆಬರಹ ಅಂತು. ಲೈನ್ ಆಫ್ ಮಾಡಿದೀವಿ, ಹತ್ತು ಅಂತ ಅವನಿಗೆ ಹೇಳಿದ್ದು ಯಾರು ಅಂತ ಒಬ್ಬರೂ ಕೇಳಲಿಲ್ಲ. ಹಣೆಬರಹ ಅನ್ನೋ ಮಾತಿನಲ್ಲಿ ಸಮಾಧಾನ ಇದೆ, ನಿಜ. ಜೊತೆಗೆ ಬಹಳ ಜನಕ್ಕೆ ರಜೆಯೂ ಸಿಗುತ್ತೆ.

ಈ ಪುಸ್ತಕ ಮುಗಿಸಿದ ವಾರವೇ ನಾನು ಇನ್ನೊಂದನ್ನೂ ಓದಿದೆ. 2009ರ ಫೆಬ್ರವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ರ ಬಿದ್ದ ಕೋಲ್ಗನ್ ಏರ್ 3407 ವಿಮಾನದ ತನಿಖಾ ವರದಿ. ಅದೂ ರೀಜನಲ್. ಟಿಕೆಟ್ ಕಾಂಟಿನೆಂಟಲ್ ಹೆಸರಲ್ಲಿ, ಓಡಿಸಿದ್ದು ಕೋಲ್ಗನ್. ವಿಮಾನದಲ್ಲಿದ್ದ 49 ಜನ, ಕೆಳಗೆ ಮನೆಯೊಂದರಲ್ಲಿದ್ದ ಒಬ್ಬರು ಸತ್ತರು. ಹಿಮ ಕಟ್ಟುತ್ತಿದ್ದ ವಾತಾವರಣ, ಗ್ಯಾನ್ ಬರೆದ ಹಾಗೇ. ಇಳಿಯೋಕೆ ಹೊರಟಾಗ ವೇಗ ಕಮ್ಮಿ ಆಗ್ತಾ ಬಂದಿದ್ದನ್ನ ಇಬ್ಬರು ಪೈಲಟ್‌ಗಳೂ ಗಮನಿಸಲಿಲ್ಲ. ಎಚ್ಚರಿಸೋಕೆ ಕಂಟ್ರೋಲ್ ಗಡಗಡ ಅಲುಗಿದಾಗ ಮೂತಿ ತಗ್ಗಿಸಬೇಕಿದ್ದ ಕ್ಯಾಪ್ಟನ್ ಹಿಂದಕ್ಕೆ ಎಳೆದರು. ವರದಿ ಮುಖ್ಯ ಕಾರಣ ಅಂತ ಹೇಳಿದ್ದು ಇದನ್ನೇ.

ಹಣೆಬರಹದ ಕಥೆಯಾಗಿದ್ರೆ ಇಲ್ಲಿಗೆ ಮುಗೀತಿತ್ತು. ತನಿಖೆ ಮಾಡಿದವರು ಹಿಂದಕ್ಕೆ ಹೋದರು. 24 ವರ್ಷದ ಫಸ್ಟ್ ಆಫೀಸರ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ದೇಶದ ಆ ತುದಿಯಿಂದ ಈ ತುದಿಗೆ ವಿಮಾನಗಳಲ್ಲಿ ಕೂತು ಕೆಲಸಕ್ಕೆ ಬಂದಿದ್ದರು. ವಿಚಾರಣೆಯಲ್ಲಿ ಅವರ ವರ್ಷದ ಸಂಬಳ 16,000 ಡಾಲರ್ ಆಸುಪಾಸು ಅನ್ನೋ ಲೆಕ್ಕ ಬಂದು, ಕಂಪನಿ ಅದಕ್ಕಿಂತ ಜಾಸ್ತಿ ಅಂತ ವಾದಿಸಿತು. ಅವರು ಹೆಚ್ಚು ಹಾರಿದ್ದು ಫೀನಿಕ್ಸ್ ಕಡೆಯ ಬಿಸಿಲಿನ ಆಕಾಶದಲ್ಲಿ. ಈ ಕೆಲಸಕ್ಕೆ ಬರೋ ಮೊದಲು ಹಿಮವನ್ನೇ ಸರಿಯಾಗಿ ಕಂಡಿರಲಿಲ್ಲ ಅಂತ ಅದೇ ರಾತ್ರಿ ಕಾಕ್‌ಪಿಟ್‌ನಲ್ಲಿ ಹೇಳ್ಕೊಂಡಿದ್ದರು. ಇನ್ನು ಕ್ಯಾಪ್ಟನ್. ಕೋಲ್ಗನ್‌ಗೆ ಅರ್ಜಿ ಹಾಕುವಾಗ ತಾವು ಫೇಲ್ ಆಗಿದ್ದ ಚೆಕ್‌ರೈಡ್‌ಗಳಲ್ಲಿ ಎರಡನ್ನ ಬರೆದೇ ಇರಲಿಲ್ಲ.

ಆ ಸಾಲು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ. "ಗಾಳಿ ಜಾಸ್ತಿ ಇತ್ತು ಅನ್ನು" ಅಂತ ಹೇಳಿದ್ದು ನಾನೇ ಅಲ್ವಾ?

ಎರಡು ಫೇಲ್ ಮುಚ್ಚಿಟ್ಟಿದ್ದಕ್ಕೇ ವಿಮಾನ ಬಿತ್ತು ಅಂತ ವರದಿ ಹೇಳಲ್ಲ, ನಾನೂ ಹೇಳಲ್ಲ. ಆದ್ರೆ ಗಾಳಿ ಅನ್ನೋದು ವಿಧಿಯ ಇನ್ನೊಂದು ಹೆಸರು. ಎಲ್ಲಿ ಎಡವಿದೆ ಅಂತ ಹೇಳದವನಿಗೆ ಅದೇ ಜಾಗದಲ್ಲಿ ಮತ್ತೆ ಕಲಿಸೋರು ಯಾರು? ಬೆಂಕಿಕಡ್ಡಿ ಗೀರೋ ರಾಸ್‌ಗೂ ಶಿಷ್ಯನ ಕಣ್ಣು ಎಲ್ಲಿ ತಪ್ಪುತ್ತೆ ಅಂತ ಗೊತ್ತಿರಬೇಕಲ್ಲ.

ಸತ್ತವರ ಮನೆಯವರು ಹಣೆಬರಹ ಅಂತ ಸುಮ್ಮನೆ ಕೂರಲಿಲ್ಲ. ವಾಷಿಂಗ್ಟನ್‌ಗೆ ಓಡಾಡಿದರು. 2010ರಲ್ಲಿ ಕಾನೂನು ಬಂತು. 2013ರಿಂದ ಫಸ್ಟ್ ಆಫೀಸರ್ ಆಗೋಕೂ ಸಾಮಾನ್ಯವಾಗಿ 1,500 ಗಂಟೆ ಬೇಕು, ಸೇನೆಯಿಂದ ಬಂದವರಿಗೆ, ವಿಮಾನಯಾನದ ಡಿಗ್ರಿ ಇದ್ದವರಿಗೆ ಸ್ವಲ್ಪ ರಿಯಾಯಿತಿ. 2014ರಿಂದ ಕೆಲಸದ ಮೊದಲು ಕನಿಷ್ಠ 10 ಗಂಟೆ ವಿಶ್ರಾಂತಿ. ಪೈಲಟ್‌ಗಳ ದಾಖಲೆ ಒಂದೇ ಕಡೆ ಸಿಗೋ ವ್ಯವಸ್ಥೆ. ಇದರಲ್ಲೂ ವಾದ ಇದೆ: ಆ ರಾತ್ರಿಯ ಇಬ್ಬರಿಗೂ 1,500ಕ್ಕಿಂತ ಜಾಸ್ತಿ ಗಂಟೆ ಇತ್ತು. ಒಂದೇ ಊರಿನ ಸುತ್ತ ಬಿಸಿಲಲ್ಲಿ ಸಾವಿರ ಗಂಟೆ ಸುತ್ತಿದ್ರೆ ಹಿಮ ಗೊತ್ತಾಗಲ್ಲ ಅನ್ನೋದು ಸರಿಯೇ. ಸಂಬಳ ಮಾತ್ರ ಬದಲಾಗಿದೆ, 2022ರ ನಂತರ ರೀಜನಲ್‌ಗಳಲ್ಲಿ ಜೋರಾಗಿ ಏರಿತು.

ಗ್ಯಾನ್‌ಗೆ ಅನ್ಯಾಯ ಮಾಡಬಾರದು. ಅವನ ಕಾಲದಲ್ಲಿ ವಿಮಾನದಲ್ಲಿ ಹವಾಮಾನ ತೋರಿಸೋ ರಾಡಾರ್ ಇರಲಿಲ್ಲ, ಎಂಜಿನ್ ಕೈಕೊಡೋದು ದಿನನಿತ್ಯದ ಮಾತು. ಅಷ್ಟು ಗೆಳೆಯರನ್ನ ಕಳ್ಕೊಂಡವನು ವಿಧಿ ಅಂದ್ರೆ ನಾನ್ಯಾವನು ಬೇಡ ಅನ್ನೋಕೆ? ಆದರೆ ಅವನ ಪುಸ್ತಕವೇ ಅವನ ಹೆಸರಿಗೆ ಉತ್ತರ ಕೊಡುತ್ತೆ. ಐವತ್ತು ಅಡಿ ವ್ಯತ್ಯಾಸ ಕಂಡರೆ ಸಹಿಸದ ಕಣ್ಣು ಆಕಾಶದಿಂದ ಬಿದ್ದಿದ್ದಲ್ಲ. ಯಾರೋ ಕಡ್ಡಿ ಗೀರಿ ಗೀರಿ ಅದನ್ನ ಅಲ್ಲಿಟ್ಟಿದ್ದರು. ಅದಕ್ಕೇ ಪುಸ್ತಕ ಓದಿ, ರಾಸ್ ಬರೋ ಭಾಗ ಎರಡು ಸಲ ಓದಿ. ಹೆಸರನ್ನ ಮಾತ್ರ ಪೂರ್ತಿ ನಂಬಬೇಡಿ. ಸಾಧ್ಯ ಆದ್ರೆ ಪಕ್ಕದಲ್ಲಿ ಒಂದು ತನಿಖಾ ವರದಿ ಇಟ್ಟುಕೊಂಡು ಓದಿ.

ರೂಮ್‌ಮೇಟ್‌ಗೆ ಫೋನ್ ಮಾಡಿ ನನ್ನ ಸಲಹೆ ವಾಪಸ್ ತಗೊಂಡೆ. "ಅದನ್ನ ನಾನು ಯಾವಾಗ ತಗೊಂಡಿದ್ದೆ?" ಅಂತ ನಕ್ಕ. ಇಂಟರ್‌ವ್ಯೂನಲ್ಲಿ ಇದ್ದದ್ದನ್ನ ಇದ್ದ ಹಾಗೇ ಹೇಳಿದ: ನಕ್ಷೆಯಲ್ಲಿ ಮುಂದಿನ ಹಂತದ ಎತ್ತರವನ್ನ ಮೊದಲೇ ಓದ್ಕೊಂಡು ಇಳಿದೆ, ತಪ್ಪು ನಂದೇ, ಈಗ ಪ್ರತಿ ಸಂಖ್ಯೆಯನ್ನೂ ಬಾಯಿಬಿಟ್ಟು ಹೇಳಿ ಇಳೀತೀನಿ ಅಂತ. ಆ ಒಂದು ವಿಷಯದ ಮೇಲೇ ಹದಿನೈದು ನಿಮಿಷ ಕೆದಕಿದರಂತೆ. ಕೆಲಸ ಸಿಕ್ಕಿತು.

ಈಗ ಅವನು ಬೇಸ್ ಇರೋ ಊರಲ್ಲಿ ಆರು ಜನ ಪೈಲಟ್‌ಗಳ ಜೊತೆ ಒಂದು ಬಾಡಿಗೆ ರೂಮಲ್ಲಿ ಬಂಕ್ ಮಂಚದ ಮೇಲೆ ಮಲಗ್ತಾನೆ. ಯಾವ ಹೊತ್ತಿಗೆ ಕರೆ ಬಂದ್ರೂ ಹೊರಡಬೇಕು. ಮೊದಲೆಲ್ಲ ಫೋನ್ ಮಾಡಿದ್ರೆ, "ಯಾವ ಊರಿಗೆ ಹೋಗಿದ್ದೆ, ಫೋಟೋ ಕಳ್ಸೋ" ಅಂತಿದ್ದೆ. ಈಗ ಮೊದಲು ಕೇಳೋದು, "ನಿದ್ದೆ ಮಾಡಿದ್ಯೇನೋ?"