ಹಸಿ ಕಸವೂ ನೆಲಭರ್ತಿಯೂ: ನಿಯಮಗಳ ಪಾಠವನ್ನು ಕುರಿತು

ಬಿ. ಎಲ್. ರೈಸ್ ಅವರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಪ್ರಕಟಿಸಿದರು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಗಳ ದಾನಶಾಸನಗಳನ್ನು ಅದರಲ್ಲಿ ಓದಿದವರಿಗೆ ಆ ಬರವಣಿಗೆಯ ಕ್ರಮ ಪರಿಚಿತವಾದುದು. ಭೂಮಿಯನ್ನು ಕೊಟ್ಟವರು ಯಾರು, ಪಡೆದವರು ಯಾರು, ಅದರ ಎಲ್ಲೆಗಳು ಯಾವುವು, ಸಾಕ್ಷಿಗಳು ಯಾರು, ತಪ್ಪಿ ನಡೆದವನಿಗೆ ಒದಗುವ ಪಾಪವೇನು ಎಂಬುದನ್ನು ಸಾಮಾನ್ಯವಾಗಿ ಅವು ಬಿಡದೆ ಹೇಳುತ್ತವೆ. ಅದೇ ನೆಲವನ್ನು ಕುರಿತು ನಮ್ಮ ಕಾಲದಲ್ಲಿ ಹೊರಟಿರುವ ಶಾಸನಗಳೂ ಉಂಟು. ಅಡಿಗೆಮನೆಯ ಹಸಿ ಕಸವು ನೆಲಭರ್ತಿಗೆ ಹೋಗಕೂಡದೆಂದು ವಿಧಿಸುವ ಘನತ್ಯಾಜ್ಯದ ನಿಯಮಗಳು ಅಂಥವು. ಅವುಗಳ ಉದ್ದೇಶವನ್ನು ಹೊಗಳಿದವರು ಹಲವರು, ಜಾರಿಯನ್ನು ತೆಗಳಿದವರು ಇನ್ನೂ ಹಲವರು. ಅವುಗಳ ಪಾಠವನ್ನು ಪಾಠವಾಗಿಯೇ ಓದುವ ಕೆಲಸ ಮಾತ್ರ ಹೆಚ್ಚಾಗಿ ನಡೆದಂತೆ ಕಾಣದು. ಆ ಓದನ್ನು ಇಲ್ಲಿ ನಡಸಲು ನಾವು ಯತ್ನಿಸಿದ್ದೇವೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಹಸಿ ಕಸವನ್ನು ನೆಲದಲ್ಲಿ ಹೂಳುವುದರ ನಿಷೇಧ ಹೊಸದೆಂದು ಅನೇಕರು ಬಗೆದಿದ್ದಾರೆ. ಬೆಂಗಳೂರಿನ ನಿವಾಸಿಯಾದ ಶ್ರೀಮತಿ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಮೊಕದ್ದಮೆಯ ಹಿನ್ನೆಲೆಯಲ್ಲಿ, 2000ದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ನಗರ ಘನತ್ಯಾಜ್ಯದ ನಿಯಮಗಳನ್ನು ಹೊರಡಿಸಿತು. ಕೊಳೆಯದ, ಜಡವಾದ ವಸ್ತುವಿಗೆ ಮಾತ್ರ ನೆಲಭರ್ತಿಯೆಂಬ ಮಿತಿ ಆ ಪಾಠದಲ್ಲಿಯೇ ಇದೆ. 2016ರ ಏಪ್ರಿಲ್ 8ರ ನಿಯಮಗಳು ಈ ಮಿತಿಯನ್ನು ಇನ್ನಷ್ಟು ಬಿಗಿಮಾಡಿದವು. ಬಳಕೆಗೆ ಬಾರದ, ಮರುಬಳಕೆಯಾಗದ, ಕೊಳೆಯದ, ಉರಿಯದ, ಪ್ರತಿಕ್ರಿಯೆ ತೋರದ ಜಡವಸ್ತುವೂ ಸಂಸ್ಕರಣದಲ್ಲಿ ಉಳಿದ ಶೇಷವೂ ಮಾತ್ರ ಅಲ್ಲಿಗೆ ಹೋಗಬಹುದೆಂದು ಅವು ವಿಧಿಸಿದವು. ಒಂದೇ ವಾಕ್ಯದಲ್ಲಿ ಐದು ನಿಷೇಧಗಳು! ಮಾತಿನ ಮಟ್ಟಿಗೆ ಇದಕ್ಕಿಂತ ಭದ್ರವಾದ ಬೇಲಿಯನ್ನು ಕಟ್ಟುವುದು ಕಷ್ಟ. ಆದರೂ ಈ ಎರಡು ಪಾಠಗಳ ನಡುವಣ ವರ್ಷಗಳಲ್ಲಿ ಮಾವಳ್ಳಿಪುರಕ್ಕೂ, ಹೊಸಕೋಟೆಯ ಎಲ್ಲೆಗೆ ಸಮೀಪದ ಮಂಡೂರಿಗೂ, ದೊಡ್ಡಬಳ್ಳಾಪುರ ತಾಲ್ಲೂಕಿನ ಗುಂಡ್ಲಹಳ್ಳಿಗೂ ಲಾರಿಗಳಲ್ಲಿ ಬಂದುದು ಅನ್ನ, ಸಾರು, ತರಕಾರಿ ಸಿಪ್ಪೆ, ಎಂಜಲೆಲೆಗಳು ಪ್ಲಾಸ್ಟಿಕ್ಕಿನೊಡನೆ ಕಲಸಿಹೋದ ರಾಶಿ.

ಬೇಲಿ ಭದ್ರವಾಗಿದ್ದೂ ಹೀಗಾದುದೇಕೆ? ಅಧಿಕಾರಿಗಳ ಉದಾಸೀನವೆಂದು ಹೇಳಿ ಮುಗಿಸುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಪಾಠದ ಒಳಗೇ ಒಂದು ವಿರೋಧವಿದೆ. 2016ರ ನಿಯಮಗಳ ಮೊದಲನೆಯ ಪರಿಶಿಷ್ಟವು ನೆಲಭರ್ತಿಯ ಜಾಗವು ಯಾವುದರಿಂದ ಎಷ್ಟು ದೂರವಿರಬೇಕೆಂಬುದನ್ನು ಗೊತ್ತುಮಾಡಿತು: ನದಿಯಿಂದ 100 ಮೀಟರ್, ಕೆರೆಯಿಂದ 200 ಮೀಟರ್, ಹೆದ್ದಾರಿ, ಜನವಸತಿ, ಕುಡಿಯುವ ನೀರಿನ ಬಾವಿಗಳಿಂದಲೂ 200 ಮೀಟರ್, ವಿಮಾನ ನಿಲ್ದಾಣದಿಂದ ಮಾತ್ರ 20 ಕಿಲೋಮೀಟರ್. ವಿಶೇಷ ಸಂದರ್ಭದಲ್ಲಿ ಅನುಮತಿ ಪಡೆದು 10 ಕಿಲೋಮೀಟರಿನವರೆಗೆ ಸಮೀಪಿಸಬಹುದೆಂಬ ವಿನಾಯಿತಿಯೂ ಇತ್ತು. ಊರಿಗಿಂತ ವಿಮಾನಕ್ಕೆ ನೂರು ಪಾಲು ಹೆಚ್ಚಿನ ದೂರ. ಕಾರಣ ಎಲ್ಲರಿಗೂ ತಿಳಿದುದೇ: ಕೊಳೆಯುವ ಆಹಾರಕ್ಕೆ ಹದ್ದು ಕಾಗೆಗಳು ಮುತ್ತುತ್ತವೆ, ಹಕ್ಕಿಗಳಿಂದ ವಿಮಾನಕ್ಕೆ ಅಪಾಯ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ಮಾತು ನಮ್ಮ ಸೀಮೆಗೆ ನೇರವಾಗಿ ತಾಗುತ್ತದೆ.

ಈಗ ಎರಡು ಕಲಮುಗಳನ್ನು ಎದುರುಬದುರಾಗಿ ಇಟ್ಟು ನೋಡಿ. ಕೊಳೆಯುವ ಯಾವುದೂ ಅಲ್ಲಿ ಇರಕೂಡದೆಂದು ಒಂದು ಕಲಮು ಹೇಳುತ್ತದೆ. ಅದು ನಿಜವಾಗುವುದಾದರೆ ಜಡವಾದ ಕಲ್ಲುಚೂರಿಗೆ ಯಾವ ಹದ್ದು ಬರುತ್ತದೆ? ಇಪ್ಪತ್ತು ಕಿಲೋಮೀಟರಿನ ದೂರವನ್ನು ಬರೆದ ಕೈಗೆ ರಾಶಿ ಕೊಳೆಯುವುದೆಂಬುದು ಗೊತ್ತಿತ್ತು. ಜನವಸತಿಗೆ ಇನ್ನೂರು ಮೀಟರ್ ಸಾಕೆಂದು ಬರೆಯುವಾಗ ಅದೇ ಕೈ ರಾಶಿ ಕೊಳೆಯುವುದಿಲ್ಲವೆಂದು ನಂಬಿತು. ಮುನ್ನೆಚ್ಚರಿಕೆಗಾಗಿ ಹಾಗೆ ಬರೆದಿರಬಹುದು, ಸಂಸ್ಕರಣದ ಶೇಷದಲ್ಲಿಯೂ ಅಷ್ಟಿಷ್ಟು ಹಸಿಯಂಶ ಉಳಿಯಬಹುದು ಎಂಬ ಸಮಾಧಾನವನ್ನು ನಾವು ತಳ್ಳಿಹಾಕುವುದಿಲ್ಲ. ಹಾಗಿದ್ದರೆ ಆ ಮುನ್ನೆಚ್ಚರಿಕೆಯ ಪಾಲು ಹಳ್ಳಿಯವನಿಗೂ ಸಲ್ಲಬೇಕಾಗಿತ್ತು. ಹಸಿ ಕಸವು ಗಾಳಿಯಿಲ್ಲದ ರಾಶಿಯಡಿಯಲ್ಲಿ ಕೊಳೆತಾಗ ಮೀಥೇನ್ ಹುಟ್ಟುತ್ತದೆ, ಕಪ್ಪು ರಸ ಇಳಿದು ಬಾವಿಯ ಕಡೆಗೆ ಹರಿಯುತ್ತದೆ. ಇವೆರಡೂ ಹಕ್ಕಿಯಷ್ಟು ಎತ್ತರಕ್ಕೆ ಕಾಣುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ಹಳ್ಳಿಗೆ ಆ ಪಾಠದಲ್ಲಿದ್ದ ಸ್ಥಾನವೂ ವಿಚಿತ್ರವಾದುದು. ನಿಯಮಗಳು ಎಲ್ಲೆಲ್ಲಿ ಅನ್ವಯಿಸುವುವೆಂದು ಹೇಳುವ ಕಲಮಿನಲ್ಲಿ ನಗರಾಡಳಿತಗಳು, ಜನಗಣತಿಯ ಪಟ್ಟಣಗಳು, ಕೈಗಾರಿಕಾ ನಗರಗಳು, ವಿಮಾನ ನಿಲ್ದಾಣಗಳು, ರೈಲ್ವೆಯ ಪ್ರದೇಶಗಳು ಬರುತ್ತವೆ. ಸಾಮಾನ್ಯ ಹಳ್ಳಿಯ ಹೆಸರಿಲ್ಲ. ಕಸವನ್ನು ಉಂಟುಮಾಡುವವರ ಸಾಲಿನಲ್ಲಿ ಅದು ಇಲ್ಲದಿದ್ದುದು ಸರಿಯೇ ಇರಬಹುದು. ಆದರೆ ಕಸವನ್ನು ಪಡೆಯುವವರ ಸಾಲಿನಲ್ಲಿಯೂ ಇಲ್ಲ. ಜಾಗವನ್ನು ಗುರುತಿಸಿ ಕೊಡುವ ಹೊಣೆ ಜಿಲ್ಲಾಧಿಕಾರಿಯದು. ಹಳ್ಳಿಯು ಪರಿಶಿಷ್ಟದ ಅಳತೆಯೊಂದರಲ್ಲಿ ‘ಜನವಸತಿ’ ಎಂಬ ಪದವಾಗಿ ಮಾತ್ರ ಸುಳಿಯುತ್ತದೆ. ದಾನಶಾಸನವಾದರೋ ಎಲ್ಲೆಯ ಹಳ್ಳಿಗಳನ್ನು ಹೆಸರಿಟ್ಟು ಕರೆಯುತ್ತಿತ್ತು. (2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ಜಿಲ್ಲೆಯ ಹೆಸರಿನಿಂದಲೇ ‘ಗ್ರಾಮಾಂತರ’ವನ್ನು ತೆಗೆದು ‘ಬೆಂಗಳೂರು ಉತ್ತರ’ವೆಂದು ಮಾಡಲು ನಿರ್ಧರಿಸಿತು. ಹೆಸರುಗಳಿಗೂ ಕಾಲದ ಅರಿವಿರುತ್ತದೆ.)

ಮುಖ್ಯವಾದ ಕೊರತೆ ಇನ್ನೊಂದಿದೆ. ಐದು ನಿಷೇಧಗಳ ಆ ವಾಕ್ಯವು ಹೊಣೆ ಹೊರಿಸಿದ್ದು ಸ್ಥಳೀಯ ಸಂಸ್ಥೆಯ ಮೇಲೆ. ಲಾರಿಯನ್ನು ಕಳುಹಿಸುವುದೂ ಅದೇ ಸಂಸ್ಥೆ. ಲಾರಿಯಲ್ಲಿ ಏನಿದೆಯೆಂದು ನೋಡಿ ಬಿಡಬೇಕಾದುದೂ ಅದೇ ಸಂಸ್ಥೆ. ನಡುವೆ ಗುತ್ತಿಗೆದಾರನಿದ್ದರೆ, ಟನ್ನಿನ ಲೆಕ್ಕದಲ್ಲಿ ಹಣ ಪಡೆಯುವವನಿಗೆ ನೀರು ತುಂಬಿದ ತೂಕದ ಕಸವನ್ನು ಹಿಂದಿರುಗಿಸುವ ಆಸೆ ಏಕಿರಬೇಕು? ಬಾಗಿಲಲ್ಲಿ ನಿಂತು ‘ಇದು ಹಸಿ ಕಸ, ಹಿಂದಕ್ಕೆ ಹೋಗಲಿ’ ಎಂದು ಹೇಳುವ ಮೂರನೆಯ ಮನುಷ್ಯನನ್ನು ಪಾಠವು ನೇಮಿಸಲಿಲ್ಲ.

ಆ ಮೂರನೆಯ ಮನುಷ್ಯನ ಕೆಲಸವನ್ನು ಹಳ್ಳಿಯವರು ಮಾಡಿದರು. ಅರ್ಕಾವತಿಯ ಜಲಾನಯನ ಪ್ರದೇಶದ ಮಾವಳ್ಳಿಪುರದಲ್ಲಿ ಜನರ ಪ್ರತಿಭಟನೆಯ ಮೇಲೆ 2012ರಲ್ಲಿ ನೆಲಭರ್ತಿ ಮುಚ್ಚಿತು. ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಯಾಯಿತು. ಮಹಾನಗರ ಪಾಲಿಕೆಯು ಮನೆಯಲ್ಲಿಯೇ ಕಸವನ್ನು ವಿಂಗಡಿಸುವುದನ್ನು ಆ ವರ್ಷದ ಅಕ್ಟೋಬರ್ 1ರಿಂದ ಕಡ್ಡಾಯಮಾಡಿತು. 2000ದ ನಿಯಮಗಳು ಹನ್ನೆರಡು ವರ್ಷ ಬಯಸಿ ಪಡೆಯಲಾರದುದನ್ನು ಮುಚ್ಚಿದ ಬಾಗಿಲೊಂದು ಕೆಲವು ವಾರಗಳಲ್ಲಿ ಪಡೆಯಿತು. 2014ರ ಜೂನ್‌ನಲ್ಲಿ ಮಂಡೂರಿನವರು ಲಾರಿಗಳನ್ನು ತಡೆದರು. ಆ ವರ್ಷದ ಡಿಸೆಂಬರ್‌ನಿಂದ ಅಲ್ಲಿಗೆ ಕಸ ಹೋಗುವುದು ನಿಂತಿತು. 2015ರ ಡಿಸೆಂಬರ್‌ನಲ್ಲಿ ಉಚ್ಚ ನ್ಯಾಯಾಲಯವು ಹಸಿರು ಬುಟ್ಟಿ, ಕೆಂಪು ಬುಟ್ಟಿ, ಒಂದು ಚೀಲ ಎಂಬ ಕ್ರಮವನ್ನು ಎತ್ತಿಹಿಡಿಯಿತು. ಗುಂಡ್ಲಹಳ್ಳಿಯಲ್ಲಿಯೂ ಬಳಿಕ ಚಿಗರೇನಹಳ್ಳಿಯ ಸುತ್ತಲೂ ಅದೇ ಕಥೆ ಮರುಕಳಿಸಿತು. ಲಾರಿ ತಡೆದವರನ್ನು ಕಾನೂನು ಮೀರಿದವರೆಂದು ಕರೆದದ್ದುಂಟು. ಪಾಠವನ್ನು ಓದಿದರೆ ಮೀರಿದ್ದು ಲಾರಿಯ ಒಳಗಿದ್ದ ವಸ್ತು.

ಇದರಲ್ಲಿ ನಮಗೆ ಹೆಚ್ಚು ನೋವಿನ ಸಂಗತಿಯೆಂದರೆ, ಈ ವಿದ್ಯೆ ಇಲ್ಲಿಯದೇ ಆಗಿತ್ತೆಂಬುದು. ಊರಿನ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿ ಮುಚ್ಚಿ ಗೊಬ್ಬರಮಾಡುವ ಕ್ರಮವನ್ನು ಸಿ. ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದರು. ಕೃಷಿಯ ಪಠ್ಯಗಳಲ್ಲಿ ಅದಕ್ಕೆ ಇಂದಿಗೂ ‘ಬೆಂಗಳೂರು ವಿಧಾನ’ವೆಂದೇ ಹೆಸರು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಇದಕ್ಕೂ ಹಿಂದೆ ನಮ್ಮ ಹಳ್ಳಿಯ ಮನೆಗಳಲ್ಲಿ ಅಕ್ಕಿ ತೊಳೆದ ನೀರೂ ಉಳಿದ ಮುದ್ದೆಯೂ ಕಲಗಚ್ಚಿನ ಬಾನಿಗೆ ಹೋಗಿ ಎಮ್ಮೆಯ ಪಾಲಾಗುತ್ತಿದ್ದವು. ಸಿಪ್ಪೆ ಸೊಪ್ಪು ತಿಪ್ಪೆಗೆ ಬಿದ್ದು ರಾಗಿಹೊಲಕ್ಕೆ ಹೋಗುತ್ತಿದ್ದವು. ‘ತಿಪ್ಪೆ’ ಎಂಬ ಮಾತಿನಲ್ಲಿ ಗೊಬ್ಬರದ ಅರ್ಥವೂ ಸೇರಿತ್ತು. ‘ನೆಲಭರ್ತಿ’ಯಲ್ಲಿ ನೆಲವು ಬರಿಯ ತುಂಬುವ ಪಾತ್ರೆ. ಇಂದು ದ್ರಾಕ್ಷಿ, ಹೂ, ತರಕಾರಿ ಬೆಳೆಯುವ ದೊಡ್ಡಬಳ್ಳಾಪುರ ದೇವನಹಳ್ಳಿಗಳ ಕೆಂಪು ಮಣ್ಣಿಗೆ ಸಾವಯವ ಅಂಶ ಬೇಕೇ ಬೇಕು. ಗಾಜಿನ ಚೂರು ಬೆರೆತ ಗೊಬ್ಬರ ಯಾವ ರೈತನಿಗೂ ಬೇಡ. ನಗರದ ಗೊಬ್ಬರಕ್ಕೆ 2016ರಲ್ಲಿ ಕೇಂದ್ರವು ಟನ್ನಿಗೆ 1500 ರೂಪಾಯಿ ನೆರವು ಗೊತ್ತುಮಾಡಿತು, ಒಳ್ಳೆಯದು. ಬೆರೆತುಹೋದುದನ್ನು ಬೇರ್ಪಡಿಸುವ ಶಕ್ತಿ ಹಣಕ್ಕಿಲ್ಲ.

ದಕ್ಷಿಣ ಕೊರಿಯಾದಲ್ಲಿ 2005ರಿಂದ ಆಹಾರದ ಕಸವನ್ನು ನೇರವಾಗಿ ಹೂಳುವುದು ನಿಷಿದ್ಧ. 2013ರಿಂದ ಬಿಸಾಡಿದ ಪ್ರಮಾಣಕ್ಕೆ ತಕ್ಕಂತೆ ಶುಲ್ಕ. ಅಲ್ಲಿ ಮನೆಯ ಬುಟ್ಟಿಗೂ ಕೊನೆಯ ಬಾಗಿಲಿಗೂ ಒಂದೇ ಲೆಕ್ಕ ಹಿಡಿದಿದ್ದಾರೆ. ನಮ್ಮ ಪಾಠಗಳು ಮನೆಯ ಬುಟ್ಟಿಯ ಬಣ್ಣದವರೆಗೆ ವಿವರಕ್ಕಿಳಿದು, ಬಾಗಿಲ ಬಳಿ ಬಂದಾಗ ಸಂಕ್ಷಿಪ್ತವಾಗಿಬಿಡುತ್ತವೆ.

2016ರ ನಿಯಮಗಳ ಜಾಗದಲ್ಲಿ 2026ರ ಜನವರಿಯಲ್ಲಿ ಹೊಸ ನಿಯಮಗಳು ಪ್ರಕಟವಾದವು. ಜಾರಿಯ ದಿನ ಏಪ್ರಿಲ್ 1. ಹಸಿ, ಒಣ, ನೈರ್ಮಲ್ಯ ಸಂಬಂಧಿ, ವಿಶೇಷ ಎಚ್ಚರಿಕೆಯ ಕಸ ಎಂದು ವಿಂಗಡಣೆ ಈಗ ನಾಲ್ಕು ಬಗೆ. ವಿಂಗಡಿಸದ ಕಸವನ್ನು ನೆಲಭರ್ತಿಗೆ ಕಳುಹಿಸುವ ಸ್ಥಳೀಯ ಸಂಸ್ಥೆಗೆ ಹೆಚ್ಚಿನ ಶುಲ್ಕ ಎಂಬ ವಿಧಿಯೂ ಬಂದಿದೆ. ಈ ವಿಧಿ ಹಿಂದಿನ ಪಾಠಗಳಿಗಿಂತ ಮೇಲೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಬಾಗಿಲ ಕಡೆಗೆ ಮೊದಲ ಬಾರಿಗೆ ಅದು ಕಣ್ಣು ಹಾಯಿಸಿದೆ. ಆದರೆ ಹೆಚ್ಚಿನ ಶುಲ್ಕ ಹಾಕಬೇಕಾದರೆ ಲಾರಿಯ ಟಾರ್ಪಾಲನ್ನು ಯಾರಾದರೂ ಎತ್ತಿ ನೋಡಬೇಕು, ಕಂಡದ್ದನ್ನು ಬರೆದಿಡಬೇಕು. ವೇಬ್ರಿಡ್ಜಿನ ಬಳಿ ಆ ಪುಸ್ತಕವನ್ನು ಹಿಡಿದು ಕೂರುವವನು ಕಳುಹಿಸಿದ ನಗರದ ನೌಕರನೇ, ಗುತ್ತಿಗೆದಾರನ ಗುಮಾಸ್ತನೇ, ಅಥವಾ ಇನ್ನೂರು ಮೀಟರಿನ ಆಚೆ ಮನೆಯುಳ್ಳ ಪಂಚಾಯಿತಿಯ ಸದಸ್ಯನೇ? ಮೂರನೆಯವನಿಗೆ ಆ ಪುಸ್ತಕವನ್ನು ಕೊಡುವ ಆಜ್ಞೆಯನ್ನು ರಾಜ್ಯ ಸರ್ಕಾರವು ಹೊರಡಿಸುವುದಾದರೆ, ಅದರ ಪಾಠವನ್ನು ಓದಲು ನಾವು ಕಾದಿದ್ದೇವೆ.