‘ಹೋದರೆ ಕುರ್ಚಿ ಹೋಗುತ್ತದೆ’: ಒಂದು ಲೋಕವಾದದ ಅಧ್ಯಾಹೃತ ಆಧಾರಗಳು

ನಿತ್ಯವ್ಯವಹಾರದ ವಾದಗಳು ಪೂರ್ಣರೂಪದಲ್ಲಿ ಇರುವುದು ವಿರಳ. ಜನ ಒಂದು ಕಾರಣ ಹೇಳುತ್ತಾರೆ, ಒಂದು ನಿರ್ಣಯಕ್ಕೆ ಬರುತ್ತಾರೆ. ಇವೆರಡನ್ನು ಬೆಸೆಯುವ ಮಾತನ್ನು ಕೇಳುವವನು ತಾನೇ ತುಂಬಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ನ್ಯಾಯದರ್ಶನವು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳನ್ನು ಬಾಯಿಬಿಟ್ಟು ಹೇಳಬೇಕೆಂದು ವಿಧಿಸಿದ್ದರ ಹಿಂದೆ ಈ ಬಿಟ್ಟ ಮಾತಿನ ಅಪಾಯದ ಅರಿವಿದೆ. ಹಾಗೆ ಬಿಟ್ಟುಹೋದ ಆಧಾರವನ್ನು ಇಲ್ಲಿ ‘ಅಧ್ಯಾಹೃತ ಆಧಾರ’ ಎಂದು ಕರೆಯಲಾಗಿದೆ. ಕರ್ನಾಟಕದ ರಾಜಕೀಯದಲ್ಲಿ ನಾಲ್ಕು ದಶಕ ಬಾಳಿದ ಒಂದು ವಾದ ಇದಕ್ಕೆ ಒಳ್ಳೆಯ ನಿದರ್ಶನ: ಚಾಮರಾಜನಗರಕ್ಕೆ ಭೇಟಿ ನೀಡಿದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬುದು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ತಳ್ಳಿಹಾಕಿದವರ ವಾದವನ್ನೂ ಅದೇ ಒರೆಗೆ ಹಚ್ಚದಿದ್ದರೆ ವಿಮರ್ಶೆ ಅರ್ಧಕ್ಕೇ ನಿಲ್ಲುತ್ತದೆ.

ಪ್ರಚಲಿತ ಕಥನವು ದೇವರಾಜ ಅರಸು ಅವರಿಂದ ಆರಂಭವಾಗುತ್ತದೆ. ಅವರು 1980ರಲ್ಲಿ ಅಧಿಕಾರ ಬಿಟ್ಟರು, ಆರ್. ಗುಂಡೂರಾವ್ 1983ರಲ್ಲಿ ಸೋತರು, ರಾಮಕೃಷ್ಣ ಹೆಗಡೆ 1988ರಲ್ಲಿ ರಾಜೀನಾಮೆ ಕೊಟ್ಟರು, ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ 1989ರಲ್ಲಿ ವಜಾಗೊಂಡಿತು. ವೀರೇಂದ್ರ ಪಾಟೀಲರು 1990ರಲ್ಲಿ ಪದಚ್ಯುತರಾದರು. ಇವರೆಲ್ಲರೂ ಚಾಮರಾಜನಗರಕ್ಕೆ ಬಂದಿದ್ದರು ಎಂಬುದು ಹೇತು. ಆ ಬಳಿಕ ಹದಿನೇಳು ವರ್ಷ ಯಾವ ಮುಖ್ಯಮಂತ್ರಿಯೂ ಆ ಪಟ್ಟಣಕ್ಕೆ ಬರಲಿಲ್ಲ. 1997ರಲ್ಲಿ ಹೊಸ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗಲೂ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ.

ಈ ಕೊನೆಯ ಸಂಗತಿಯೇ ಮೊದಲ ಅಧ್ಯಾಹೃತ ಆಧಾರವನ್ನು ಹೊರಗೆಡಹುತ್ತದೆ. ದೋಷವಿರುವುದು ಜಿಲ್ಲೆಯಲ್ಲಲ್ಲ, ಪಟ್ಟಣದ ಎಲ್ಲೆಯೊಳಗೆ ಎಂದು ವಾದಿಗಳು ಊಹಿಸಿದ್ದಾರೆ. ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರದ ಗುಂಡ್ಲುಪೇಟೆ ಊಟಿಯ ಹಾದಿಯಲ್ಲಿದೆ; ಬಂಡೀಪುರಕ್ಕೂ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಹೋಗುವ ಗಣ್ಯರು ಅದನ್ನು ಹಾದೇ ಹೋಗಬೇಕು. ಗುಂಡ್ಲುಪೇಟೆ ಮುಟ್ಟಿದ್ದರಿಂದ ಕುರ್ಚಿ ಹೋಯಿತೆಂದು ಯಾರೂ ಹೇಳಿದ್ದಿಲ್ಲ. ಕಥನ ಹುಟ್ಟಿದ ಕಾಲದಲ್ಲಿ ಇವೆರಡೂ ಮೈಸೂರು ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಆ ಗುಣ ಯಾವುದು? ಹಿಂದೆ ಅರಿಕುಠಾರವಾಗಿದ್ದ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹೆಸರಿಟ್ಟರು ಎಂಬುದು ಇತಿಹಾಸ. ಅದರಿಂದ ಪದಚ್ಯುತಿಯ ಶಕ್ತಿ ಹೇಗೆ ಹುಟ್ಟೀತು? ವಾದಿಗಳು ಇದಕ್ಕೆ ಉತ್ತರಿಸುವುದಿಲ್ಲ, ಕೇಳಿದವರೂ ಕಡಿಮೆ.

ಎರಡನೆಯ ಆಧಾರ ಕಾಲಕ್ಕೆ ಸಂಬಂಧಿಸಿದ್ದು. ಭೇಟಿಯಾದ ಎಷ್ಟು ದಿನದೊಳಗೆ ಅಧಿಕಾರ ಹೋಗಬೇಕು? ಮಿತಿ ಹೇಳದಿದ್ದರೆ ವಾದ ಎಂದೂ ಸೋಲದು, ಏಕೆಂದರೆ ಅಧಿಕಾರ ಎಲ್ಲರಿಗೂ ಒಂದಲ್ಲ ಒಂದು ದಿನ ಹೋಗುತ್ತದೆ.

ವ್ಯಾಪ್ತಿಯ ಪರೀಕ್ಷೆಗೆ ಅನ್ವಯ ಮಾತ್ರ ಸಾಲದು, ವ್ಯತಿರೇಕವೂ ಬೇಕು: ಬಂದವರು ಏನಾದರು ಎಂಬುದರ ಜೊತೆಗೆ ಬಾರದವರು ಏನಾದರು ಎಂದೂ ನೋಡಬೇಕು. ಕಥನವೇ ಒಪ್ಪುವಂತೆ ಬಾರದೆ ಉಳಿದವರು ಬಂಗಾರಪ್ಪ, ವೀರಪ್ಪ ಮೊಯ್ಲಿ, ದೇವೇಗೌಡ, ಪಟೇಲ್, ಎಸ್.ಎಂ. ಕೃಷ್ಣ, ಧರ್ಮಸಿಂಗ್. ಬಂಗಾರಪ್ಪನವರು 1992ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಮೊಯ್ಲಿಯವರ ಪಕ್ಷ 1994ರಲ್ಲಿ ಸೋತಿತು. ಪಟೇಲರ ಸರ್ಕಾರ 1999ರಲ್ಲಿ, ಕೃಷ್ಣ ಅವರದು 2004ರಲ್ಲಿ ಜನರಿಂದ ತಿರಸ್ಕೃತವಾದವು. ಧರ್ಮಸಿಂಗ್ ಅವರ ಸರ್ಕಾರ 2006ರಲ್ಲಿ ಉರುಳಿತು. ದೇವೇಗೌಡರೂ ಮುಖ್ಯಮಂತ್ರಿ ಪದವಿ ಬಿಟ್ಟರು, ಆದರೆ 1996ರಲ್ಲಿ ಪ್ರಧಾನಿಯಾಗಲು. (ಅವರನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬುದು ವಾದಿಗಳಿಗೇ ಬಿಟ್ಟದ್ದು.) ಬಂದವರೂ ಹೋದರು, ಬಾರದವರೂ ಹೋದರು. ಭೇಟಿಗೂ ಪದಚ್ಯುತಿಗೂ ಇರುವ ಸಂಬಂಧ ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಇರುವಷ್ಟೇ.

ಒಬ್ಬೊಬ್ಬರ ಪತನಕ್ಕೂ ಅದರದೇ ಸಾಕಷ್ಟು ಕಾರಣಗಳಿದ್ದವು. ಬೊಮ್ಮಾಯಿ ಸರ್ಕಾರದ ವಜಾ ಪ್ರಕರಣವಂತೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ ಎಂಬ 1994ರ ತೀರ್ಪಿಗೆ ಎಡೆಮಾಡಿತು. ಹದಿನೇಳು ವರ್ಷಗಳ ಬಳಿಕ 2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಬಂದರು, ಅದೇ ಅಕ್ಟೋಬರಿನಲ್ಲಿ ಅಧಿಕಾರ ಕಳೆದುಕೊಂಡರು. ಆದರೆ ಇಪ್ಪತ್ತು ತಿಂಗಳ ಬಳಿಕ ಮಿತ್ರಪಕ್ಷಕ್ಕೆ ಅಧಿಕಾರ ಹಸ್ತಾಂತರಿಸುವ ಒಪ್ಪಂದ 2006ರಲ್ಲೇ ಆಗಿತ್ತು. ಭೇಟಿಗೆ ಮೊದಲೇ ಗೊತ್ತಾಗಿದ್ದ ಅವಧಿಯನ್ನು ಭೇಟಿಯ ಫಲವೆನ್ನಲಾಗದು.

ಜಗದೀಶ ಶೆಟ್ಟರ್ 2013ರ ಆರಂಭದಲ್ಲಿ ಬಂದರು, ಮೇ ತಿಂಗಳಲ್ಲಿ ಸೋತರು. ಬಸವರಾಜ ಬೊಮ್ಮಾಯಿ 2022ರ ಡಿಸೆಂಬರಿನಲ್ಲಿ ಬಂದರು, 2023ರ ಮೇ ತಿಂಗಳಲ್ಲಿ ಸೋತರು. ಇಲ್ಲಿ ನೈಯಾಯಿಕರ ‘ಉಪಾಧಿ’ಯ ವಿಚಾರ ನೆರವಿಗೆ ಬರುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರದು; ಹಸಿ ಸೌದೆ ಸೇರಿದಾಗ ಮಾತ್ರ ಹೊಗೆ. ಈ ಎರಡು ಭೇಟಿಗಳ ಸಂದರ್ಭದಲ್ಲಿ ಹಸಿ ಸೌದೆಯೆಂದರೆ ಚುನಾವಣೆಯ ಸಾಮೀಪ್ಯ. ಚುನಾವಣೆ ಹತ್ತಿರವಾದಾಗ ಮುಖ್ಯಮಂತ್ರಿಗಳು ಜಿಲ್ಲೆ ಜಿಲ್ಲೆ ಸುತ್ತುತ್ತಾರೆ. 1985ರ ನಂತರ 2023ರವರೆಗೆ ಕರ್ನಾಟಕದಲ್ಲಿ ಆಳುವ ಪಕ್ಷವೊಂದನ್ನು ಮತದಾರರು ಮರಳಿ ಆರಿಸಿದ್ದಿಲ್ಲ. ಆ ತಿಂಗಳುಗಳಲ್ಲಿ ಅವರು ಬೀದರಿಗೆ ಹೋಗಿದ್ದರೂ ಫಲ ಬೇರೆಯಾಗುತ್ತಿರಲಿಲ್ಲ.

ಇನ್ನು ಪ್ರತಿವಾದ. 2013ರ ಅಕ್ಟೋಬರಿನಲ್ಲಿ ಸಿದ್ದರಾಮಯ್ಯನವರು ಚಾಮರಾಜನಗರಕ್ಕೆ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರೈಸಿದರು. ‘ಬಂದವರೆಲ್ಲ’ ಎಂಬ ಸಾರ್ವತ್ರಿಕ ವ್ಯಾಪ್ತಿಯನ್ನು ಮುರಿಯಲು ಒಂದೇ ವ್ಯಭಿಚಾರ ಸಾಕು. ಆ ಮಟ್ಟಿಗೆ ಖಂಡನೆ ನಿರ್ದುಷ್ಟ. 2018ರಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತದ್ದನ್ನು ಎತ್ತಿ ಹಳೆಯ ನಂಬಿಕೆಯನ್ನು ಉಳಿಸಲೆತ್ನಿಸುವುದು ಮೇಲೆ ಹೇಳಿದ ಕಾಲಮಿತಿಯನ್ನು ಹಿಗ್ಗಿಸುವ ಉಪಾಯ ಮಾತ್ರ. ಆದರೆ ಚಾಮರಾಜನಗರಕ್ಕೆ ಬಂದ ಮೇಲೆ ತಮ್ಮ ಕುರ್ಚಿ ಇನ್ನಷ್ಟು ಗಟ್ಟಿಯಾಯಿತೆಂಬ ಅರ್ಥದ ಮಾತನ್ನು ಸಿದ್ದರಾಮಯ್ಯನವರೂ ಆಡಿದ್ದಾರೆ. ವೇದಿಕೆಯ ಚಟಾಕಿಯಾಗಿ ಅದು ಸೊಗಸು. ವಾದವಾಗಿ ತೆಗೆದುಕೊಂಡರೆ ಅದರ ಅಧ್ಯಾಹೃತ ಆಧಾರವೂ ಹಳೆಯದೇ, ಊರಿಗೂ ಕುರ್ಚಿಗೂ ಕಾರಣಸಂಬಂಧವಿದೆ ಎಂಬುದು. ಫಲ ತಿರುಗಿದೆ, ಹೇತು ಹಾಗೆಯೇ ಇದೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ವಾದವಿದೆ: ಮುಖ್ಯಮಂತ್ರಿಗಳು ಬಾರದ್ದರಿಂದಲೇ ಜಿಲ್ಲೆ ಹಿಂದುಳಿಯಿತು ಎಂಬುದು. ಇದು ವಿಚಾರವಾದಿಗಳಿಗೆ ಪ್ರಿಯವಾದ ವಾದ, ಅದರಲ್ಲಿ ನ್ಯಾಯವಾದ ಅಸಮಾಧಾನವೂ ಇದೆ. ಜಿಲ್ಲಾಕೇಂದ್ರವೊಂದನ್ನು ಅಶುಭವೆಂದು ಬಗೆದು ದೂರವಿಟ್ಟದ್ದು ಅಲ್ಲಿನ ಜನರಿಗೆ ಮಾಡಿದ ಅವಮಾನವೇ ಸರಿ. ಆದರೆ ಭೇಟಿಯಿಂದ ಅಭಿವೃದ್ಧಿಯಾಗುತ್ತದೆ ಎಂಬ ಅದರ ಅಧ್ಯಾಹೃತ ಆಧಾರ ಸಾಧಿತವಾಗಬೇಕಾದದ್ದು. ಎರಡರ ಕ್ರಮವೂ ಪರೀಕ್ಷೆಗೆ ಅರ್ಹ: ಗುಂಡ್ಲುಪೇಟೆಗೆ ಇಂತಹ ಕಳಂಕವಿರಲಿಲ್ಲ, ಅಲ್ಲಿಂದ ಅನೇಕ ಬಾರಿ ಆರಿಸಿಬಂದ ಕೆ.ಎಸ್. ನಾಗರತ್ನಮ್ಮನವರು 1972ರಲ್ಲಿ ವಿಧಾನಸಭೆಯ ಸಭಾಧ್ಯಕ್ಷೆಯೂ ಆದರು. ವಾದ ನಿಲ್ಲಬೇಕಾದರೆ ಆ ತಾಲ್ಲೂಕಿನ ನೀರಾವರಿ, ಶಾಲೆ, ಆಸ್ಪತ್ರೆಗಳು ಚಾಮರಾಜನಗರದವುಗಳಿಗಿಂತ ಸ್ಪಷ್ಟವಾಗಿ ಮುಂದಿರಬೇಕು. ಈ ಹೋಲಿಕೆಯನ್ನು ಮಾಡದೆ ನಿರ್ಣಯಕ್ಕೆ ಬರುವಂತಿಲ್ಲ.

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ತಲೆದೋರಿತು. ಒಂದು ದಿನದೊಳಗೆ 24 ರೋಗಿಗಳು ಮೃತಪಟ್ಟರೆಂದು ಮೊದಲು ವರದಿಯಾಯಿತು. ಅದನ್ನು ಊರಿನ ಹಣೆಬರಹಕ್ಕೆ ಹಚ್ಚುವುದು ಎಷ್ಟು ನಿರಾಧಾರವೋ ಮುಖ್ಯಮಂತ್ರಿಯ ಭೇಟಿಯ ಅಭಾವಕ್ಕೆ ಹಚ್ಚುವುದೂ ಅಷ್ಟೇ ಅವಸರದ ಮಾತು. ಎರಡೂ ವಾದಗಳು ಕಣ್ಣನ್ನು ಒಬ್ಬ ವ್ಯಕ್ತಿಯ ಬರುವಿಕೆಯ ಮೇಲೆ ನೆಡುತ್ತವೆ. ದಾಸ್ತಾನು ಎಷ್ಟಿತ್ತು, ಬೇಡಿಕೆ ಯಾವ ಗಂಟೆಗೆ ಹೋಯಿತು, ಸಿಲಿಂಡರುಗಳು ಎಲ್ಲಿ ನಿಂತವು, ಹೊಣೆ ಯಾರದು ಎಂಬವು ದಾಖಲೆಗಳಿಂದ ನಿರ್ಣಯವಾಗಬೇಕಾದ ಪ್ರಶ್ನೆಗಳು. ಉಚ್ಚ ನ್ಯಾಯಾಲಯವು ಅದೇ ತಿಂಗಳು ಒಂದು ಸಮಿತಿಯನ್ನು ನೇಮಿಸಿ ಆ ದಾಖಲೆಗಳನ್ನು ತರಿಸಿ ನೋಡಿತು.